ಗೂಡಿನಲ್ಲಿಟ್ಟ ಬಾಕ್ಸು

ನೋಡದೆ ಬಿಟ್ಟರೆ ಅದು ಸರಿಯಾಗಿಯೇ ಇರುತ್ತದೆ ಎಂದು ನೂರುನ್ನೀಸಾಗೆ ಈಚೆಗೆ ಅನ್ನಿಸತೊಡಗಿತ್ತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದರ ಮೇಲೊಂದು ಬಾಗಿಕೊಂಡು ನಿಂತ ವೈಫೈಯ ಗೆರೆಗಳತ್ತ ಅವಳ ಕಣ್ಣು ಹೊರಳಿದ್ದೇ ತಡ, ಮೇಲಿನ ಗೆರೆ ಮಾಸುತ್ತಿತ್ತು, ಆಮೇಲೆ ನಡುವಿನದು, ಕೊನೆಗೆ ಉಳಿಯುತ್ತಿದ್ದದ್ದು ಒಂದು ಚುಕ್ಕೆ. ಅದಕ್ಕೇ ಈಗ ಪರದೆಗೆ ಅರ್ಧ ಬೆನ್ನು ಮಾಡಿ ಕೂತು, ಸೀಮೆಸುಣ್ಣದ ತುದಿಯನ್ನು ನೆಲದ ಕಡಪ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತ, ತನಗೂ ಅದಕ್ಕೂ ಸಂಬಂಧವೇ ಇಲ್ಲದವಳ ಹಾಗೆ ನಟಿಸುತ್ತಿದ್ದಳು. ಯಾರ ಮುಂದೆ ಈ ನಟನೆ? ಮಗಳು ಮದೀಹಾ ಶಾಲೆಗೆ ಹೋಗಿಯಾಗಿತ್ತು. ಮನೆಯಲ್ಲಿ ಉಳಿದದ್ದು ಅವಳು, ಒಳಕೋಣೆಯಲ್ಲಿ ಮಲಗಿದ್ದ ಅತ್ತೆ, ಮತ್ತು ಅತ್ತೆಯ ಮಂಚದ ತಲೆದೆಸೆಯ ಗೂಡಿನಲ್ಲಿ ಗಂಡ ತಾಜುದ್ದೀನ್ ತನ್ನ ಕೈಯಾರೆ ಇಟ್ಟು ಹೋಗಿದ್ದ ವೈಫೈ ಬಾಕ್ಸು.

ಬೆಳಿಗ್ಗೆ ಹೆಡ್‌ಮಿಸ್ ಏಕನಾಥಮ್ಮ ಫೋನು ಮಾಡಿದ್ದರು. ಮದೀಹಾಳ ಕೆಮ್ಮು ಹೇಗಿದೆ, ಅತ್ತೆ ಊಟ ಮಾಡುತ್ತಾರಾ ಎಂದೆಲ್ಲ ಕೇಳಿದರು. ಹೀಗೆ ಸುತ್ತಿ ಬಳಸಿ ಬರುವಾಗಲೇ ನೂರುನ್ನೀಸಾಗೆ ಗೊತ್ತಾಗಿತ್ತು.

"ಇವತ್ತು ಹನ್ನೊಂದರ ಪೀರಿಯಡ್ಡಿಗೆ ನಾನೂ ಸೆಕ್ರೆಟರಿನೂ ಕ್ಲಾಸಲ್ಲೇ ಕುಂತ್ಕಂತೀವಿ ಮೇಡಂ. ಹುಡುಗ್ರ ಅಪ್ಪ ಅಮ್ಮಂದ್ರು ಬಂದು ಗಲಾಟೆ ಮಾಡವ್ರೆ. ಟೆಂತು, ಪರೀಕ್ಷೆ ಹತ್ರ ಬಂತು, ಟೀಚರಿಗೆ ಮುಖಾನೂ ಇಲ್ಲ ದನೀನೂ ಇಲ್ಲ ಅಂತ."

"ಸರಿ ಮೇಡಂ."

"ಹೊಳಲ್ಕೆರೆ ಕಡೆಯೋಳು ಒಬ್ಳು, ಎಮ್ಮೆಸ್ಸಿ ಮಾಡ್ಕಂಡೋಳು, ಅರ್ಜಿ ಹಾಕ್ಕಂಡು ಕಾಯ್ತಾ ಅವ್ಳೆ. ಇವತ್ತೂ ನಡುವೆ ನಿಂತೋದ್ರೆ ಸೆಕ್ರೆಟರಿ ಅವಳಿಗೆ ಆರ್ಡರ್ ಕೊಟ್ಬಿಡ್ತಾರೆ. ಆಮೇಲೆ ನೀವು ಇದ್ದತ್ತು ಮುಗ್ಸಿ ಬಂದ್ರೂ ಜಾಗ ಇರಲ್ಲ. ನನ್ ಮ್ಯಾಲೆ ಬ್ಯಾಸ್ರ ಮಾಡ್ಕಬ್ಯಾಡ್ರಿ."

"ಇಲ್ಲ ಮೇಡಂ. ಇವತ್ತು ನಿಲ್ಲಲ್ಲ."

ಹೇಳಿ ಫೋನಿಟ್ಟಳು. ಯಾವ ಧೈರ್ಯದ ಮೇಲೆ ಹಾಗೆಂದೆ? ಯಾರನ್ನು ಕೇಳಿ ಹಾಗೆಂದೆ?

ಗಂಡ ತೀರಿಕೊಂಡ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು, ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ದುರ್ಗದ ಕೋಟೆಯ ಬುಡದಲ್ಲಿ ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ಹೊಲಿದುಕೊಂಡು ಬಂದ ಆ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವಳಿಗೂ ಈ ಇದ್ದತ್ತು ಭಾರವೆನ್ನಿಸಿರಲಿಲ್ಲ, ಹೊರಗೆ ಹೋಗಿ ಯಾರ ಮುಖ ನೋಡುವುದಿತ್ತು? ಆದರೆ ಕೆಲಸ ಬೇಕಾಗಿತ್ತು. ಗಾದಿ ಅಂಗಡಿಗೆ ಬೀಗ ಬಿದ್ದಿತ್ತು. ಹಿರಿಯೂರಿನ ನಾದಿನಿ ಬಂದಾಗಲೆಲ್ಲ ಗೋಡೆಗಳನ್ನು ಕಣ್ಣಲ್ಲೇ ಅಳೆಯುತ್ತ, "ಇದ್ದತ್ತು ಮುಗೀಲಿ, ಈ ಮನೆ ಬಾಡಿಗೆಗೆ ಕೊಟ್ಟು ಎಲ್ಲಾರೂ ನಮ್ಮನೆಗೇ ಬಂದ್ಬಿಡ್ರಿ. ನಮ್ ಮಕ್ಳ ಜತೆ ಮದೀಹಾನೂ ಒಬ್ಳು" ಎನ್ನುತ್ತಿದ್ದಳು. ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಅದನ್ನು ಕೇಳಿದ ರಾತ್ರಿಗಳಲ್ಲಿ ನೂರುನ್ನೀಸಾಗೆ ಒಂದು ಪರಕೀಯ ಅಡುಗೆಮನೆ ಕಾಣುತ್ತಿತ್ತು. ಅಲ್ಲಿ ತಾನು ಎಲ್ಲರ ಊಟವಾದ ಮೇಲೆ ಪಾತ್ರೆಯ ತಳ ಕೆರೆಯುತ್ತಿರುವುದು, ಬೇರೆಯವರ ಮಕ್ಕಳಿಗೆ ಬಿಗಿಯಾದ ಬಟ್ಟೆ ತೊಟ್ಟುಕೊಂಡು ಮದೀಹಾ ಬಾಗಿಲ ಸಂದಿಯಲ್ಲಿ ನಿಂತಿರುವುದು. ಏಕನಾಥಮ್ಮನವರೇ ದಾರಿ ತೋರಿಸಿದ್ದರು: ಇದ್ದತ್ತು ಮುಗಿಯುವವರೆಗೆ ಮನೆಯಿಂದಲೇ ಹತ್ತನೇ ಕ್ಲಾಸಿನ ಗಣಿತ ಮಾಡಿ, ಶಾಲೆಯ ಗೋಡೆಯ ಟೀವಿಯಲ್ಲಿ ಮಕ್ಕಳು ನೋಡುತ್ತಾರೆ, ಮುಖ ತೋರಿಸುವುದು ಬೇಡ, ಬೋರ್ಡು ಕಂಡರೆ ಸಾಕು. ಹಾಗಾಗಿ ಅವಳು ನಡುಮನೆಯಲ್ಲಿ ಒಂದು ಸಣ್ಣ ಕರಿಹಲಗೆಯನ್ನು ಗೋಡೆಗೆ ಒರಗಿಸಿ, ಲ್ಯಾಪ್‌ಟಾಪಿನ ಕಣ್ಣನ್ನು ಅದರತ್ತ ತಿರುಗಿಸಿ, ಪಕ್ಕದಲ್ಲಿ ಕೂತು ಕೈಯನ್ನಷ್ಟೇ ಮುಂದೆ ಚಾಚಿ ಬರೆಯುತ್ತಿದ್ದಳು.

ಶಾಲೆಯೇನು ದೂರವಿರಲಿಲ್ಲ, ಎರಡು ಬೀದಿ ಆಚೆ. ಘಂಟೆ ಹೊಡೆದರೆ ಮೊದಲು ಕಿಟಕಿಯಿಂದ ಕೇಳುತ್ತಿತ್ತು. ಅದರ ಗುಂಯ್ ಎನ್ನುವ ಬಾಲ ಇನ್ನೂ ಗಾಳಿಯಲ್ಲಿರುವಾಗಲೇ ಅದೇ ಘಂಟೆ ಲ್ಯಾಪ್‌ಟಾಪಿನೊಳಗಿಂದ ಮತ್ತೊಮ್ಮೆ, ತೆಳ್ಳಗೆ, ನೀರೊಳಗಿಂದ ಬಂದ ಹಾಗೆ. ಮೊದಮೊದಲು ಇದು ತಮಾಷೆಯೆನ್ನಿಸಿತ್ತು. ಈಗ ಎರಡನೆಯ ಘಂಟೆ ಕೇಳುವವರೆಗೂ ಅವಳು ಸೀಮೆಸುಣ್ಣ ಎತ್ತುತ್ತಿರಲಿಲ್ಲ. ಕೆಲವು ದಿನ ಅದು ಕೇಳುತ್ತಲೇ ಇರಲಿಲ್ಲ. ಕಿಟಕಿಯಾಚೆ ಲೋಕ ಎಂದಿನಂತೆ ಘಂಟೆ ಹೊಡೆದುಕೊಂಡು ನಡೆಯುತ್ತಿರುತ್ತಿತ್ತು, ಅವಳಷ್ಟೇ ಅದರಿಂದ ಕಳಚಿಕೊಂಡಿರುತ್ತಿದ್ದಳು.

ಮದೀಹಾ ಒಂದು ಸಂಜೆ ಚೀಲವನ್ನೂ ಇಳಿಸದೆ ಕೇಳಿದ್ದಳು. "ಅಮ್ಮೀ, ಟೆಂತಿನೋರ ಗ್ರೂಪಲ್ಲಿ ಒಂದು ಕೈ ಹಾಕವ್ರೆ. ಅದು ನಿಂದಾ?"

"ಯಾವ ಕೈ?"

"ಬೋರ್ಡ್ ಮ್ಯಾಲೆ ಹಂಗೇ ನಿಂತೈತೆ. ಬಳೆ ಇಲ್ಲ. ದೆವ್ವದ ಕೈ ಅಂತ ಬರ್ದವ್ರೆ. ನನ್ ಫ್ರೆಂಡು ತೋರ್ಸಿದ್ಲು."

ಲೈನು ಕಡಿದಾಗ ಅಲ್ಲಿ ಪರದೆ ಕಪ್ಪಾಗುತ್ತದೆ ಎಂದೇ ಅವಳು ಅಂದುಕೊಂಡಿದ್ದಳು. ಇಲ್ಲವಂತೆ. ಅವಳು ಇಲ್ಲಿ ಲ್ಯಾಪ್‌ಟಾಪನ್ನು ಎತ್ತಿಕೊಂಡು ಮನೆಯೆಲ್ಲ ತಿರುಗಾಡುತ್ತಿರುವಷ್ಟು ಹೊತ್ತೂ ಅಲ್ಲಿ ಅವಳ ಕೈ ಬೋರ್ಡಿನ ಮೇಲೆ ಹಾಗೆಯೇ ಉಳಿದಿರುತ್ತದಂತೆ, ಒಂದು ಗೆರೆಯ ಅರ್ಧದಲ್ಲಿ. ಮಕ್ಕಳು ಅದನ್ನು ನೋಡುತ್ತ ಕೂತಿರುತ್ತಾರಂತೆ. ಆ ರಾತ್ರಿ ದಿಂಬಿನ ಪಕ್ಕ ಚಾಚಿದ ತನ್ನ ಕೈಯನ್ನು ನೂರುನ್ನೀಸಾ ಬಹಳ ಹೊತ್ತು ನೋಡಿದಳು. ಬಳೆ ತೆಗೆದ ಜಾಗದಲ್ಲಿ ಚರ್ಮ ಬಿಳಿಚಿತ್ತು. ಇದು ಇಲ್ಲಿದೆ, ಸರಿ. ಅಲ್ಲಿ ನಿಂತದ್ದು ಯಾವುದು, ಅದು ಯಾವಾಗ ಕೆಳಗಿಳಿಯಿತು, ಅದನ್ನು ಯಾರೂ ನೋಡಲಿಲ್ಲವೇ ಎಂಬಂಥ ಹುಚ್ಚು ಯೋಚನೆಗಳು.

ಮಾಡಬಹುದಾದ್ದನ್ನೆಲ್ಲ ಮಾಡಿಯಾಗಿತ್ತು. ಆಫ್ ಮಾಡಿ ಆನ್ ಮಾಡಿದ್ದು, ಪಾಸ್‌ವರ್ಡನ್ನು ಹೊಸದಾಗಿ ಹೊಡೆದದ್ದು, ಯಾರೋ ವೀಡಿಯೊದಲ್ಲಿ ಹೇಳಿದಂತೆ ಸೆಟ್ಟಿಂಗುಗಳ ಆಳಕ್ಕಿಳಿದು ಅರ್ಥವಾಗದ ಗುಂಡಿಗಳನ್ನು ಒತ್ತಿದ್ದು. ಅಕ್ಕಿಯ ಡ್ರಮ್ಮಿನ ಮೇಲೆ ಇಟ್ಟು ನೋಡಿದ್ದು, ಮಾಳಿಗೆಯ ಮೆಟ್ಟಿಲ ಮೇಲೆ ಕೂತು ನೋಡಿದ್ದು. ಒಳಕೋಣೆಗೆ ಮಾತ್ರ ಹೋಗುತ್ತಿರಲಿಲ್ಲ. ಅದರ ಬಾಗಿಲಿನ ಪರದೆಯವರೆಗೆ ಹೋಗಿ, ಒಳಗಿನ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಏನೋ ನೆನಪಾದವಳಂತೆ ಹಿಂದಿರುಗುತ್ತಿದ್ದಳು. ತಾಜುದ್ದೀನ್ ಜ್ವರದಲ್ಲಿ ಮಲಗಿದ್ದು ಆ ಕೋಣೆಯಲ್ಲಿ. ಅಲ್ಲಿಂದಲೇ ಆಸ್ಪತ್ರೆಗೆ ಹೋದದ್ದು. ಅತ್ತೆಯ ತಟ್ಟೆಯನ್ನು ಮದೀಹಾಳ ಕೈಲಿ ಕಳಿಸುತ್ತಿದ್ದಳು, ಮದೀಹಾ ಇಲ್ಲದಾಗ ಪರದೆಯಡಿಯಿಂದ ಒಳಗೆ ಸರಿಸಿ "ಅಮ್ಮಾ, ಊಟ" ಎನ್ನುತ್ತಿದ್ದಳು. ಒಂದು ಮುದುಕಿಯ ಕೈ ಬಂದು ತಟ್ಟೆಯನ್ನು ಒಳಗೆಳೆದುಕೊಳ್ಳುತ್ತಿತ್ತು. "ಬಾಕ್ಸಿನ ದೀಪ ಉರೀತಾವಾ ನೋಡು" ಎಂದು ಮಗಳನ್ನು ಬೆಳಿಗ್ಗೆ ಕಳಿಸಿದರೆ ಅವಳು ಇಣುಕಿ, "ಉರೀತಾವೆ ಅಮ್ಮೀ, ಮೂರೂ" ಎಂದು ಕೂಗುತ್ತಿದ್ದಳು. ಉರಿಯುತ್ತಲೂ ಇರುತ್ತಿದ್ದವು. ಮಗಳು ಶಾಲೆಗೆ ಹೋದ ಮೇಲೆ ಶುರುವಾಗುತ್ತಿತ್ತು.

ಹೋದ ವಾರ ಕೇಬಲ್ ಆಫೀಸಿನಿಂದ ಜುಂಜೇಶ್ ಎಂಬ ಹುಡುಗ ಬಂದಿದ್ದ. ಐಮಂಗಲದ ಹತ್ತಿರದ ಹಟ್ಟಿಯವನು, ಕುರಿ ಕಾಯುವ ಮನೆಯಿಂದ ಬಂದು ಈಗ ದುರ್ಗದ ಕಂಬಗಳನ್ನೆಲ್ಲ ಹತ್ತಿ ಇಳಿಯುತ್ತಿದ್ದವನು. ನಡುಮನೆಗೆ ಸೀರೆಯೊಂದನ್ನು ಅಡ್ಡ ಕಟ್ಟಿ ಅದರ ಹಿಂದೆ ಅವಳು ಕೂತಿದ್ದಳು, ಲ್ಯಾಪ್‌ಟಾಪನ್ನು ಸೀರೆಯಡಿಯಿಂದ ಅವನತ್ತ ತಳ್ಳಿದ್ದಳು.

"ಫುಲ್ ಬರ್ತೈತಲ್ಲಕ್ಕ," ಎಂದಿತ್ತು ಆಚೆಯ ದನಿ. "ನನ್ ಫೋನಿಗೂ ಫುಲ್ಲು."

"ನೀನ್ ಬಂದಾಗ ಬರ್ತೈತಪ್ಪ. ಹೋದ್ಮೇಲೆ ಹೋಗ್ತೈತೆ."

"ಹಂಗಾದ್ರೆ ನನ್ನ ಇಲ್ಲೇ ಇಟ್ಕಳ್ರಿ, ಎರಡು ಹೊತ್ತು ಊಟ ಹಾಕಿದ್ರೆ ಸಾಕು." ನಕ್ಕ. ಆಮೇಲೆ ನಕ್ಕದ್ದು ಸರಿಯಾಗಲಿಲ್ಲವೆನ್ನಿಸಿತೇನೋ, ಗಂಟಲು ಸರಿ ಮಾಡಿಕೊಂಡು, "ಈ ದುರ್ಗದ ಬಂಡೆ ಅವಲ್ಲಕ್ಕ, ಸಿಗ್ನಲ್ ನುಂಗ್ತವೆ" ಎಂದ. ಕೆಲಸ ಮಾಡುತ್ತ ತನ್ನಷ್ಟಕ್ಕೆ ಮಾತಾಡಿದ. "ಹಿಂಗೆ ಮರೇಲಿ ಮಾತಾಡಿ ನನಗೂ ರೂಢಿ ಐತೆ ಬಿಡ್ರಿ. ನನ್ ಹೆಂಡ್ತಿ ಹೆರಿಗೆ ಆಗಿ ಹಟ್ಟಿ ಆಚೆ ಗುಡ್ಲಲ್ಲಿ ಅವ್ಳೆ. ಒಳಗೆ ಬರೋ ಹಂಗಿಲ್ಲ, ನಾವು ಮುಟ್ಟೋ ಹಂಗಿಲ್ಲ. ದೂರದಿಂದ್ಲೇ ಮಗೂನ ಎತ್ತಿ ತೋರಿಸ್ತಾಳೆ. ತಮಾಷಿ ನೋಡ್ರಿ, ಆ ಗುಡ್ಲಲ್ಲಿ ಮಾತ್ರ ಫುಲ್ ಸಿಗ್ನಲ್ಲು." ಸೀರೆಯ ಈಚೆ ನೂರುನ್ನೀಸಾ ನಗಲಿಲ್ಲ. ಬಯಲಿನ ನಡುವೆ ಒಂದು ಗುಡಿಸಲು, ಅದರ ಬಾಗಿಲಲ್ಲಿ ಎರಡು ಕೈ ಎತ್ತಿ ಹಿಡಿದ ಬಟ್ಟೆಯ ಗಂಟು ಅವಳ ಕಣ್ಣಿಗೆ ಕಟ್ಟಿತು.

ಅವನು ಒಳಕೋಣೆಗೂ ಹೋಗಿದ್ದ. ಅಲ್ಲಿಂದ ಅವನ ದನಿ ಕೇಳಿತ್ತು. "ಅಯ್ಯೋ, ಬಾಕ್ಸು ಸುಡ್ತೈತಲ್ಲ ಅಜ್ಜಿ! ಜ್ವರ ಬಂದಂಗೈತೆ ಪಾಪ ಇದಕ್ಕೆ."

"ಜ್ವರಾನಾ?" ಎಂದಿದ್ದಳು ಅತ್ತೆ.

"ಹ್ಞೂಂ ಮತ್ತೆ. ಒಂದು ಮಾತ್ರೆ ಕೊಟ್ಬಿಡ್ರಿ, ಇಳೀತೈತೆ."

ಅವನ ಹೆಜ್ಜೆ ಸದ್ದು ಅಡಗಿ ಬಾಗಿಲು ಮುಚ್ಚಿದ ಮೇಲೂ ಆ ನಗೆ ನಡುಮನೆಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಅವತ್ತಿನಿಂದ ಲೈನು ಕಡಿಯುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಕಿಟಕಿಯಿಂದ ಘಂಟೆ ಬಂತು. ನೂರುನ್ನೀಸಾ ಕಣ್ಣು ಮುಚ್ಚಿದಳು. ಲ್ಯಾಪ್‌ಟಾಪಿನಿಂದ ಎರಡನೆಯ ಘಂಟೆಯೂ ಬಂತು. ತಿರುಗಿ ನೋಡಿದರೆ ಪರದೆಯಲ್ಲಿ ಹತ್ತನೇ ಕ್ಲಾಸು ತುಂಬಿತ್ತು, ಹಿಂದಿನ ಬೆಂಚಿನಲ್ಲಿ ಏಕನಾಥಮ್ಮ, ಅವರ ಪಕ್ಕ ತೊಡೆಯ ಮೇಲೆ ಕೈಯೂರಿದ ಸೆಕ್ರೆಟರಿ. ಎಲ್ಲರೂ ಬೆರಳುದ್ದ ಇದ್ದರು. ಅವಳು ಬೋರ್ಡಿನ ಮೇಲೆ ಒಂದು ವೃತ್ತ ಬರೆದಳು, ಹೊರಗೊಂದು ಬಿಂದು ಇಟ್ಟಳು. ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ, ಇದನ್ನು ಸಾಧಿಸಬೇಕು, ಪರೀಕ್ಷೆಗೆ ಬಂದೇ ಬರುತ್ತದೆ. "ಗೆರೆ ವೃತ್ತದ ಒಳಕ್ಕೆ ಹೋಗಲ್ಲ, ಮುಟ್ಟುತ್ತೆ ಅಷ್ಟೇ. ಮುಟ್ಟಿ ಮುಂದಕ್ಕೆ ಹೋಗುತ್ತೆ. ಎಲ್ಲಿ ಮುಟ್ಟುತ್ತೋ ಅಲ್ಲಿಗೆ ಕೇಂದ್ರದಿಂದ ಒಂದು ಗೆರೆ ಎಳೀರಿ." ಪರದೆಯಲ್ಲಿ ತಲೆಗಳು ಬಾಗಿದವು. ಸೆಕ್ರೆಟರಿ ಏಕನಾಥಮ್ಮನವರ ಕಿವಿಯಲ್ಲಿ ಏನೋ ಹೇಳಿ ತಲೆದೂಗಿದ. ನೋಡಬಾರದೆಂದುಕೊಂಡೇ ನೂರುನ್ನೀಸಾ ಆ ಮೂಲೆಯನ್ನು ನೋಡಿದಳು. ಮೇಲಿನ ಗೆರೆ ಇರಲಿಲ್ಲ.

"ತ್ರಿಭುಜ ಒಂದು, ತ್ರಿಭುಜ ಎರಡು," ಎಂದಳು ಬೇಗ ಬೇಗ. ನಡುವಿನ ಗೆರೆ ಹೋಯಿತು. ಏಕನಾಥಮ್ಮನವರ ಬಾಯಿ ಆಡಿತು, ದನಿ ಬರಲಿಲ್ಲ, ಆಡುತ್ತಿದ್ದ ಬಾಯಿಯೂ ತೆರೆದಂತೆಯೇ ನಿಂತಿತು. ಮರುಸಂಪರ್ಕಿಸಲಾಗುತ್ತಿದೆ ಎಂದು ಪರದೆ ಹೇಳಿತು.

ಲ್ಯಾಪ್‌ಟಾಪನ್ನು ಬಾಚಿ ಎತ್ತಿಕೊಂಡು ಎದ್ದಳು. ಅಡುಗೆಮನೆ, ಮೆಟ್ಟಿಲು, ಬಚ್ಚಲ ಬಾಗಿಲು, ಎಲ್ಲಿಯೂ ಇಲ್ಲ. ಇಷ್ಟು ಹೊತ್ತಿಗೆ ಅಲ್ಲಿ ಬೋರ್ಡಿನ ಮೇಲೆ ಆ ಕೈ ಬಂದು ನಿಂತಿರುತ್ತದೆ, ಸೆಕ್ರೆಟರಿ ಅದನ್ನು ನೋಡುತ್ತ ಕೂತಿರುತ್ತಾನೆ. ಹೊಳಲ್ಕೆರೆಯ ಹುಡುಗಿ ಎಲ್ಲಿಯೋ ಹೊಸ ಚಪ್ಪಲಿ ಮೆಟ್ಟಿಕೊಳ್ಳುತ್ತಿರುತ್ತಾಳೆ. ಕಾಲುಗಳು ತಾವಾಗಿ ಒಳಕೋಣೆಯ ಪರದೆಯ ಮುಂದೆ ನಿಂತವು. ವಾಸನೆ ಬಂತು. ಈ ಸಲ ಹಿಂದಿರುಗಲು ಬೇರೆ ಜಾಗವೇ ಉಳಿದಿರಲಿಲ್ಲ. ಭುಜದಿಂದ ಪರದೆ ಸರಿಸಿ ಒಳಗೆ ಹೋದಳು.

ಗೂಡು ಖಾಲಿಯಾಗಿತ್ತು. ಅತ್ತೆ ಮಂಚದ ಮೇಲೆ ಗೋಡೆಗೊರಗಿ, ಕಾಲು ನೀಡಿಕೊಂಡು ಕೂತಿದ್ದಳು. ಮಡಿಲಲ್ಲಿ ಒಂದು ಮಗು. ಮೇಲಿನ ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ನೂರುನ್ನೀಸಾಗೆ ಒಂದು ಕ್ಷಣ ಹಾಗೇ ಕಂಡಿತು: ಜರಿಯ ಶಾಲಿನಲ್ಲಿ ಸುತ್ತಿ, ಮೇಲೊಂದು ಪುಟ್ಟ ರಜಾಯಿ ಹೊದಿಸಿ, ಅಂಚುಗಳನ್ನೆಲ್ಲ ಅಡಿಗೆ ಸಿಕ್ಕಿಸಿದ ಮಗು. ಆಮೇಲೆ ಅದರಿಂದ ಇಳಿಬಿದ್ದ ಎರಡು ವೈರುಗಳು ಕಂಡವು. ಶಾಲು ತಾಜುದ್ದೀನನ ಮದುವೆಯದು, ಹಳೆಯ ಕಾಲದ ನಿಜವಾದ ಜರಿ, ಎತ್ತಿದರೆ ಕೈ ಸೋಲುವಂಥದ್ದು. ರಜಾಯಿಯ ಅಂಚಿನಲ್ಲಿ ಕೆಂಪು ಬೆಳಕೊಂದು ಬರುತ್ತಿತ್ತು, ಹೋಗುತ್ತಿತ್ತು. ಅತ್ತೆಯ ಅಂಗೈ ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಟ್ಟುತ್ತಿತ್ತು.

"ಸದ್ದು ಮಾಡಬ್ಯಾಡ," ಎಂದಳು ಅತ್ತೆ. "ಈಗ ಕಣ್ಣು ಹತ್ತೈತೆ."

"ಅಮ್ಮಾ..."

"ಆ ಹುಡುಗ ಅವತ್ತೇ ಹೇಳ್ಲಿಲ್ವಾ ಜ್ವರ ಅಂತ? ನೀನೂ ಕೇಳಿಸ್ಕಂಡೆ. ಒಂದಿನಾನಾದ್ರೂ ಬಂದು ಹಣೆ ಮುಟ್ಟಿ ನೋಡಿದ್ಯಾ?" ಬೈಗುಳದ ದನಿಯಲ್ಲ, ನೆರೆಮನೆಯ ಸುದ್ದಿ ಹೇಳುವಂಥ ದನಿ. "ನನಗೆ ಮೊದ್ಲೇ ಅನುಮಾನ ಇತ್ತು. ಬೆಳಿಗ್ಗೆ ತಣ್ಣಗೇ ಇರ್ತಾನೆ. ಮದೀಹಾ ಇಸ್ಕೂಲಿಗೆ ಹೋದ್ಮ್ಯಾಲೆ, ನೀನು ಆ ಪೆಟ್ಟಿಗೆ ಜತೆ ಮಾತಾಡಾಕೆ ಕುಂತ್ಮ್ಯಾಲೆ, ಮೈ ಕಾಯಾಕೆ ಶುರು. ದೀಪ ಪಟಪಟ ಪಟಪಟ. ನಡುಗ್ತಾನೆ. ಹೊದಿಸಿದ್ರೆ ಸುಮ್ನಾಗ್ತಾನೆ. ಯಾರಾನಾ ಬಂದ್ರೆ ತೆಗ್ದು ಗೂಡಲ್ಲಿ ಇಡ್ತೀನಿ, ದೃಷ್ಟಿಯಾಗ್ತೈತೆ."

ನೂರುನ್ನೀಸಾ ಲ್ಯಾಪ್‌ಟಾಪನ್ನು ಮಂಚದ ತುದಿಯಲ್ಲಿಟ್ಟಳು. ಎಳೆದು ತೆಗೆದುಬಿಡಬೇಕು, ಅಷ್ಟೇ. ರಜಾಯಿ, ಶಾಲು, ಎರಡು ಎಳೆತದ ಕೆಲಸ. ಕೈ ಚಾಚಿದಳು. ಬಟ್ಟೆಯ ಮೇಲಿನಿಂದಲೂ ಕಾವು ತಾಗಿತು. ಬಾಕ್ಸು ಬಿಸಿಯಾಗುತ್ತದೆ, ಬಿಸಿಯಾದದ್ದನ್ನು ಹೊದಿಸಿದರೆ ಇನ್ನೂ ಬಿಸಿಯಾಗುತ್ತದೆ, ನಿಂತುಹೋಗುತ್ತದೆ, ಮತ್ತೆ ತಾನಾಗಿ ಶುರುವಾಗುತ್ತದೆ, ಬಿಎಸ್ಸಿ ಬಿಎಡ್ ಓದಿದವಳಿಗೆ ಅರ್ಥವಾಗದ್ದೇನಿದೆ. ಅವತ್ತೂ ಅರ್ಥವಾಗಿತ್ತು. ಇದೇ ಮಂಚ. ತಾಜುದ್ದೀನನ ಹಲ್ಲುಗಳು ಕಟಕಟಿಸುತ್ತಿದ್ದವು, ಮೈಮೇಲೆ ಅಂಗಡಿಯ ರಜಾಯಿಗಳೆಲ್ಲ ಬಿದ್ದಿದ್ದವು, ನೂರೂ, ಇನ್ನೊಂದು ಹಾಕು, ಇನ್ನೊಂದು ಎನ್ನುತ್ತಿದ್ದ. ಡಾಕ್ಟರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು, ಹೊದಿಕೆ ತೆಗೀರಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸ್ರಿ, ಬೆಳಿಗ್ಗೆ ಕರ್ಕಂಡು ಬರ್ರಿ. ಅವಳು ಒಂದೊಂದಾಗಿ ತೆಗೆದಿದ್ದಳು. ಕೊನೆಯ ರಜಾಯಿಯ ಅಂಚನ್ನು ಅವನು ಬಿಡಲಿಲ್ಲ. ಹತ್ತಿ ಹಿಂಜಿ ಹಿಂಜಿ ಗಂಟುಗಟ್ಟಿದ್ದ ಆ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದಳು, ಹಟಮಾರಿ ಹುಡುಗನ ಮುಷ್ಟಿಯಿಂದ ಸೀಮೆಸುಣ್ಣ ಬಿಡಿಸುವ ಹಾಗೆ, ಸ್ವಲ್ಪ ಸಿಟ್ಟಿನಿಂದಲೇ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಡಾಕ್ಟರು ಹೇಳಿದ್ದು ಸರಿಯಾಗಿತ್ತು. ಅವಳು ಮಾಡಿದ್ದೂ ಸರಿಯಾಗಿತ್ತು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು, ನಿಮ್ಮದೇನೂ ತಪ್ಪಿಲ್ಲ, ಜ್ವರ ಅಂಥದ್ದು. ಆದರೆ ಚಳಿಯಾಗುತ್ತದೆ ಎಂದು ಒಬ್ಬ ಮನುಷ್ಯ ಹೇಳಿದ್ದ.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಅಮ್ಮಾ," ಎಂದಳು. ಅದು ಬಾಕ್ಸು ಎನ್ನಲು ನಾಲಗೆ ತಿರುಗಲಿಲ್ಲ. "ನನಗೆ ಕ್ಲಾಸೈತೆ. ಇಸ್ಕೂಲಿನೋರು ಕಾಯ್ತಾ ಅವ್ರೆ. ಇವತ್ತು ಮಾಡ್ದಿದ್ರೆ ಕೆಲ್ಸ ಹೋಗ್ತೈತೆ. ಈ ಮನೇನೂ ಹೋಗ್ತೈತೆ. ಹೊದಿಕೆ ತೆಗೀಬೇಕಮ್ಮಾ."

ಅತ್ತೆ ಅವಳ ಮುಖವನ್ನು ದಿಟ್ಟಿಸಿದಳು. ತಾಜುದ್ದೀನ್ ಸತ್ತ ಮೇಲೆ ಇಬ್ಬರೂ ಹೀಗೆ ಎದುರೆದುರು ನೋಡಿದ್ದು ಅದೇ ಮೊದಲು.

"ನೀನ್ ಮುಟ್ಟಬ್ಯಾಡ," ಎಂದಳು ಕೊನೆಗೆ. "ನಾನ್ ತೆಗೀತೀನಿ."

ರಜಾಯಿಯ ಅಂಚನ್ನು ಬಿಡಿಸಿದಳು. ಶಾಲನ್ನು ಪದರ ಪದರವಾಗಿ ತೆರೆದಳು. ಬಾಗಿ, ಅದರ ಕಿವಿ ಎಲ್ಲಿದೆಯೆಂದು ಗೊತ್ತಿರುವವಳ ಹಾಗೆ ಬಾಯಿ ಹತ್ತಿರ ತಂದಳು. "ತಾಜೂ. ಏಳಪ್ಪ. ನಿನ್ ಹೆಂಡ್ತಿಗೆ ಕ್ಲಾಸೈತಂತೆ, ಏಳು ಮಗಾ, ಆಮ್ಯಾಲೆ ಮಲಗೀಯಂತೆ. ನೋಡಿಲ್ಲಿ, ಎಷ್ಟ್ ಬೆವತೀಯ." ಸೆರಗಿನಿಂದ ಬಾಕ್ಸನ್ನು ಒರೆಸಿದಳು. "ಹ್ಞಾ... ಹಂಗೆ. ಜಾಣ. ಕಣ್ ಬಿಡು."

ಕೆಂಪಾಗಿದ್ದ ದೀಪ ಒಮ್ಮೆ ಆರಿತು. ಹಸಿರಾಗಿ ಹತ್ತಿಕೊಂಡಿತು, ಅಲುಗದೆ ನಿಂತಿತು.

ಮಂಚದ ತುದಿಯಲ್ಲಿ ಲ್ಯಾಪ್‌ಟಾಪು ಬೆಳಗಿತು. ನೂರುನ್ನೀಸಾ ತಿರುಗಿದಳು. ಕ್ಲಾಸು ಇತ್ತು. ಯಾರೂ ಅಲುಗುತ್ತಿರಲಿಲ್ಲ, ಮಕ್ಕಳೂ ಸೆಕ್ರೆಟರಿಯೂ ಎಲ್ಲರೂ ಈ ಕಡೆಗೇ ಮುಖ ಮಾಡಿ ಕೂತಂತೆ ಕೂತಿದ್ದರು. ಚಿತ್ರ ನಿಂತುಹೋಗಿದೆ, ಏನೂ ಕೇಳಿಸಿಲ್ಲ, ಏನೂ ಕಾಣಿಸಿಲ್ಲ ಎಂದು ಎದೆ ಹಗುರಾಗುತ್ತಿರುವಾಗಲೇ ಅವಳ ಕಣ್ಣು ಮೇಲೆ ಹೋಯಿತು. ಅವರ ತಲೆಗಳ ಮೇಲೆ ಫ್ಯಾನು ತಿರುಗುತ್ತಿತ್ತು.

"ಮೇಡಂ," ಏಕನಾಥಮ್ಮನವರ ದನಿ ಎಷ್ಟು ಸ್ವಚ್ಛವಾಗಿ ಬಂತೆಂದರೆ ಅವರು ಇದೇ ಕೋಣೆಯಲ್ಲಿ ನಿಂತಂತಿತ್ತು. "ಯಾರ್ರೀ ಅವ್ರು? ಯಾರನ್ನ ಎಬ್ಬಿಸ್ತಾ ಅವ್ರೆ?"

"ನಮ್ಮತ್ತೆ," ಎಂದಳು ನೂರುನ್ನೀಸಾ. "ಮಗನ್ನ ಎಬ್ಬಿಸ್ತಾ ಅವ್ರೆ."

ಅತ್ತೆ ತಲೆಯೆತ್ತಿ ಪರದೆಯನ್ನು ನೋಡಿದಳು, ಸಾಲು ಸಾಲಾಗಿ ಕೂತ ಅಷ್ಟು ಮುಖಗಳನ್ನು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಮತ್ತೆ ಮಡಿಲಿನತ್ತ ಬಾಗಿ ಪಿಸುಗುಟ್ಟಿದಳು. "ನಿನ್ನೇ ನೋಡಾಕೆ ಬಂದವ್ರೆ ಕಣೋ. ಎಷ್ಟ್ ಜನ ನೋಡು, ಎಲ್ಲಾ ಸುಮ್ನೆ ಕುಂತವ್ರೆ. ಎದ್ದು ಕುಂತ್ಕ."

ಏಕನಾಥಮ್ಮ, "ಮುಂದ್ವರ್ಸ್ರಿ ಮೇಡಂ" ಎಂದರು.

ಬೋರ್ಡು ನಡುಮನೆಯಲ್ಲಿತ್ತು. ನೂರುನ್ನೀಸಾ ಅದನ್ನು ತರಲು ಹೋಗಲಿಲ್ಲ. ಮಂಚದ ಬುಡದಲ್ಲಿ ಕೂತು, ಲ್ಯಾಪ್‌ಟಾಪನ್ನು ನೆಲಕ್ಕೆ ಬಾಗಿಸಿ, ಆ ಕೋಣೆಯ ಕಪ್ಪು ಕಲ್ಲಿನ ಮೇಲೆ ವೃತ್ತ ಬರೆದಳು, ಹೊರಗೊಂದು ಬಿಂದು ಇಟ್ಟಳು. "ಬರ್ಕೊಳ್ರಿ," ಎಂದಳು. ಅವಳ ಮಾತಿನ ಸಂದಿಯಲ್ಲಿ ಅತ್ತೆಯ ಮಾತೂ ನಡೆದೇ ಇತ್ತು, ಊಟ ಬೇಕಾ, ನೀರು ಬೇಕಾ, ಬಿಸಿಲು ಕಣ್ಣಿಗೆ ಹೊಡೀತಾ. ಪರದೆಯೊಳಗೆ ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು, ಎರಡನ್ನೂ ಕೇಳಿಸಿಕೊಳ್ಳುತ್ತ. ಆ ಪೀರಿಯಡ್ಡು ಮುಗಿಯುವವರೆಗೂ ಲೈನು ಒಮ್ಮೆಯೂ ಕಡಿಯಲಿಲ್ಲ.